ಚಾಕೊಲೇಟ್ ಮತ್ತು ಮೊಡವೆ: ಒಂದು ಹಳೆಯ ಪ್ರಯೋಗದ ಮರುಪರಿಶೀಲನೆ

ಹರೆಯದವರ ಮುಖದಲ್ಲಿ ಮೊಡವೆ ಮೂಡಿದೊಡನೆ ಮನೆಯ ಹಿರಿಯರು ಮೊದಲು ದೂರುವುದು ಆಹಾರವನ್ನು. ಕರಿದ ತಿಂಡಿ, ಕಡಲೆಕಾಯಿ, ಮಾವಿನ ಹಣ್ಣು, ಚಾಕೊಲೇಟ್ ಎಲ್ಲವೂ ‘ಉಷ್ಣ’ದ ಪಟ್ಟಿಗೆ ಸೇರುತ್ತವೆ. ಆದರೆ ಚರ್ಮವೈದ್ಯರು ದಶಕಗಳ ಕಾಲ ಇದಕ್ಕೆ ವಿರುದ್ಧವಾದ ಉತ್ತರ ಕೊಡುತ್ತ ಬಂದರು: ಆಹಾರಕ್ಕೂ ಮೊಡವೆಗೂ ಸಂಬಂಧವಿಲ್ಲ ಎಂದು. ಈ ಉತ್ತರಕ್ಕೆ ಆಧಾರವಾಗಿ ಮತ್ತೆ ಮತ್ತೆ ಉಲ್ಲೇಖಗೊಂಡ ಪ್ರಬಂಧವೊಂದಿದೆ. ಅದು 1969ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಬರೆದವರು ಜೇಮ್ಸ್ ಫುಲ್ಟನ್, ಗೆರ್ಡ್ ಪ್ಲೆವಿಗ್ ಮತ್ತು ಆಲ್ಬರ್ಟ್ ಕ್ಲಿಗ್‌ಮನ್. ಆ ಪ್ರಬಂಧ ನಿಜವಾಗಿ ಏನನ್ನು ತೋರಿಸಿತು, ಏನನ್ನು ತೋರಿಸಲಿಲ್ಲ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಪ್ರಯೋಗದ ಸ್ವರೂಪ

ಮೊಡವೆಯಿದ್ದ 65 ಮಂದಿಯನ್ನು ಆರಿಸಿಕೊಳ್ಳಲಾಯಿತು. ಅವರಲ್ಲಿ 30 ಮಂದಿ ಮೊಡವೆ ಚಿಕಿತ್ಸಾಲಯಕ್ಕೆ ಬರುತ್ತಿದ್ದ ಹರೆಯದವರು, ಉಳಿದ 35 ಮಂದಿ ಸೆರೆಮನೆಯಲ್ಲಿದ್ದ ಯುವಕರು. ಪ್ರತಿಯೊಬ್ಬರೂ ನಾಲ್ಕು ವಾರ ಚಾಕೊಲೇಟ್ ಬಿಲ್ಲೆ ತಿಂದರು. ನಡುವೆ ಬಿಡುವು ಕೊಟ್ಟು, ಇನ್ನೊಂದು ನಾಲ್ಕು ವಾರ ಅದನ್ನೇ ಹೋಲುವ, ಆದರೆ ಚಾಕೊಲೇಟ್ ಇಲ್ಲದ ಬಿಲ್ಲೆ ತಿಂದರು. ಅವಧಿಯ ಮೊದಲು ಮತ್ತು ಕೊನೆಯಲ್ಲಿ ಮೊಡವೆಗಳನ್ನು ಎಣಿಸಲಾಯಿತು. ಎರಡು ಅವಧಿಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಇದರ ಗುಣಗಳನ್ನು ಮೊದಲು ಒಪ್ಪಿಕೊಳ್ಳಬೇಕು. ‘ನನ್ನ ರೋಗಿಯೊಬ್ಬ ಹೀಗೆಂದ’ ಎಂಬ ಮಾತಿಗಿಂತ ಇದು ಎಷ್ಟೋ ಮುಂದಿದೆ. ಒಬ್ಬನೇ ವ್ಯಕ್ತಿ ಎರಡೂ ಬಿಲ್ಲೆಗಳನ್ನು ತಿಂದದ್ದರಿಂದ ಅವನನ್ನು ಅವನೊಂದಿಗೇ ಹೋಲಿಸಲು ಸಾಧ್ಯವಾಯಿತು. ಯಾವ ಬಿಲ್ಲೆ ಯಾವುದು ಎಂದು ತಿನ್ನುವವನಿಗೆ ತಿಳಿಸದೆ ಇದ್ದದ್ದರಿಂದ ಅವನ ನಂಬಿಕೆ ಫಲಿತಾಂಶದಲ್ಲಿ ಬೆರೆಯುವುದು ತಪ್ಪಿತು. ವಿಜ್ಞಾನದ ವಿದ್ಯಾರ್ಥಿಗಳು ಮೆಚ್ಚಬೇಕಾದ ಅಂಶಗಳಿವು. ದೋಷಗಳು ಇರುವುದು ಬೇರೆಡೆ.

ಹೋಲಿಸಿದ್ದು ಯಾವುದನ್ನು?

ನಿಯಂತ್ರಣಕ್ಕಾಗಿ ಬಳಸಿದ ಬಿಲ್ಲೆಯನ್ನು ಗಮನಿಸಿ. ಅದರಲ್ಲಿ ಕೋಕೋ ಇರಲಿಲ್ಲ. ಆದರೆ ಸಕ್ಕರೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಕೋಕೋ ಬೆಣ್ಣೆಯ ಜಾಗದಲ್ಲಿ 28% ಜಲಜನಕೀಕೃತ ಸಸ್ಯಜನ್ಯ ಕೊಬ್ಬು ಇತ್ತು. ಎಂದರೆ ಎರಡು ಬಿಲ್ಲೆಗಳ ನಡುವೆ ಇದ್ದ ಮುಖ್ಯ ವ್ಯತ್ಯಾಸ ಕೋಕೋ ಮಾತ್ರ. ಸಕ್ಕರೆಯಿಂದಾಗಲಿ ಕೊಬ್ಬಿನಿಂದಾಗಲಿ ಮೊಡವೆ ಹೆಚ್ಚುವುದಾದರೆ ಎರಡೂ ಅವಧಿಗಳಲ್ಲಿ ಒಂದೇ ರೀತಿ ಹೆಚ್ಚಬೇಕು, ಹೋಲಿಕೆಯಲ್ಲಿ ವ್ಯತ್ಯಾಸ ಶೂನ್ಯವೆಂದೇ ಕಾಣಬೇಕು. ಪ್ರಯೋಗ ಕೇಳಿದ ಪ್ರಶ್ನೆ ‘ಕೋಕೋದಿಂದ ಮೊಡವೆ ಹೆಚ್ಚುತ್ತದೆಯೆ?’ ಎಂಬುದು. ಓದುಗರು ತೆಗೆದುಕೊಂಡ ಉತ್ತರ ‘ಆಹಾರದಿಂದ ಮೊಡವೆ ಹೆಚ್ಚುವುದಿಲ್ಲ’ ಎಂಬುದು. ಇವೆರಡೂ ಒಂದೇ ಅಲ್ಲ.

ಎರಡನೆಯದು ಅವಧಿ. ಕೂದಲಿನ ಕೋಶದ ಬಾಯಿ ಸತ್ತ ಜೀವಕೋಶಗಳಿಂದಲೂ ಮೇದಸ್ಸಿನಿಂದಲೂ ಕಟ್ಟಿಕೊಂಡಾಗ ಮೊಡವೆಗೆ ನಾಂದಿಯಾಗುತ್ತದೆ. ಕಣ್ಣಿಗೆ ಕಾಣದ ಈ ಪುಟ್ಟ ಬಿರಡೆ ಬೆಳೆದು ಗೋಚರವಾಗಲು ಹಲವು ವಾರಗಳು ಬೇಕು. ಇಂದು ಮೊಡವೆಯ ಔಷಧಗಳನ್ನು ಸಾಮಾನ್ಯವಾಗಿ 12 ವಾರ ಪರೀಕ್ಷಿಸುವುದು ಇದೇ ಕಾರಣಕ್ಕೆ. ನಾಲ್ಕು ವಾರದಲ್ಲಿ ಪರಿಣಾಮ ಕಾಣಲಿಲ್ಲ ಎಂದರೆ, ಬಿತ್ತಿದ ವಾರದಲ್ಲೇ ಹೊಲಕ್ಕೆ ಹೋಗಿ ಪೈರಿಲ್ಲ ಎಂದಂತೆ ಆಗಬಹುದು.

ಮೂರನೆಯದು ಅಳತೆಗೋಲು. ಮೊಡವೆಗಳ ಸಂಖ್ಯೆ 30% ಬದಲಾದರೆ ಮಾತ್ರ ಅದನ್ನು ಏರಿಕೆ ಅಥವಾ ಇಳಿಕೆ ಎಂದು ಪರಿಗಣಿಸಲಾಯಿತು. ಒಂದು ಉದಾಹರಣೆ ತೆಗೆದುಕೊಳ್ಳಿ. ಮುಖದ ಮೇಲೆ 40 ಮೊಡವೆಗಳಿದ್ದ ಹುಡುಗನಿಗೆ 50 ಆದವು ಎನ್ನೋಣ. ಏರಿಕೆ 25%. ಕನ್ನಡಿಯ ಮುಂದೆ ನಿಂತ ಹುಡುಗನಿಗೆ ಇದು ದೊಡ್ಡ ಬದಲಾವಣೆ; ಲೆಕ್ಕದಲ್ಲಿ ಮಾತ್ರ ‘ಬದಲಾವಣೆ ಇಲ್ಲ’. ಅಳತೆ ಒರಟಾದಷ್ಟೂ ಸಣ್ಣ ಪರಿಣಾಮಗಳು ಕೈತಪ್ಪುತ್ತವೆ. ‘ವ್ಯತ್ಯಾಸ ಕಂಡುಬರಲಿಲ್ಲ’ ಎಂಬುದನ್ನು ‘ವ್ಯತ್ಯಾಸ ಇಲ್ಲವೆಂದು ಸಿದ್ಧವಾಯಿತು’ ಎಂದು ಓದುವುದು ಸಂಶೋಧನೆಯಲ್ಲಿ ಬಹಳ ಸಾಮಾನ್ಯವಾದ ತಪ್ಪು.

ಅಳತೆಯ ತೊಡಕು ಈ ಒಂದು ಪ್ರಬಂಧಕ್ಕೆ ಸೀಮಿತವಲ್ಲ. ಸುಮಾರು ಐವತ್ತು ವರ್ಷಗಳ ಮೊಡವೆ ಚಿಕಿತ್ಸಾ ಪರೀಕ್ಷೆಗಳನ್ನು ಪರಿಶೀಲಿಸಿದ ಲೇಮನ್ ಮತ್ತು ಸಂಗಡಿಗರು 2002ರಲ್ಲಿ ವರದಿ ಮಾಡಿದಂತೆ, ತೀವ್ರತೆಯನ್ನು ಅಳೆಯಲು 25ಕ್ಕೂ ಹೆಚ್ಚು ವಿಧಾನಗಳೂ ಮೊಡವೆ ಎಣಿಸಲು 19ಕ್ಕೂ ಹೆಚ್ಚು ವಿಧಾನಗಳೂ ಬಳಕೆಯಲ್ಲಿದ್ದವು. ಒಬ್ಬರು ಸೇರಿನಲ್ಲಿ, ಇನ್ನೊಬ್ಬರು ಮೊಳದಲ್ಲಿ ಅಳೆದರೆ ಯಾವ ಮುಲಾಮು ಮೇಲು ಎಂದು ನಿರ್ಧರಿಸುವುದು ಹೇಗೆ?

ಸೆರೆಮನೆಯ ಪ್ರಶ್ನೆ

ಪ್ರಯೋಗಕ್ಕೆ ಒಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೈದಿಗಳು ಎಂಬುದನ್ನು ಹಾಗೆಯೇ ಬಿಟ್ಟು ಮುಂದೆ ಹೋಗುವಂತಿಲ್ಲ. ಬಿಲ್ಲೆ ತಿನ್ನುವುದರಿಂದ ಅಪಾಯವೇನೂ ಇಲ್ಲದಿರಬಹುದು. ಆದರೆ ‘ಒಲ್ಲೆ’ ಎನ್ನುವ ಸ್ವಾತಂತ್ರ್ಯ ಮೊಟಕಾದ ಸ್ಥಳದಲ್ಲಿ ಪಡೆದ ಒಪ್ಪಿಗೆಗೆ ಎಷ್ಟು ಬೆಲೆ? ಕ್ಲಿಗ್‌ಮನ್ ಅವರು ಫಿಲಡೆಲ್ಫಿಯದ ಹೋಮ್ಸ್‌ಬರ್ಗ್ ಸೆರೆಮನೆಯಲ್ಲಿ ಎರಡು ದಶಕಗಳಷ್ಟು ಕಾಲ ಚರ್ಮದ ಪ್ರಯೋಗಗಳನ್ನು ನಡೆಸಿದ್ದರು. ಅವು 1974ರಲ್ಲಿ ನಿಂತವು. ಅವಕ್ಕಾಗಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ 2021ರಲ್ಲಿ, ಫಿಲಡೆಲ್ಫಿಯ ನಗರಾಡಳಿತ 2022ರಲ್ಲಿ ಕ್ಷಮೆ ಕೇಳಿದವು. ಮೊಡವೆಗೆ ಇಂದಿಗೂ ಬಳಸುವ ಟ್ರೆಟಿನಾಯಿನ್ ಮುಲಾಮಿನ ಬಳಕೆಗೆ ಬುನಾದಿ ಹಾಕಿದವರಲ್ಲಿ ಇದೇ ಕ್ಲಿಗ್‌ಮನ್ ಪ್ರಮುಖರು. ಉಪಯುಕ್ತ ಜ್ಞಾನ ಬಂತು ಎಂಬ ಕಾರಣಕ್ಕೆ ಅದು ಬಂದ ದಾರಿ ಸರಿಯಾಗುವುದಿಲ್ಲ. ಈ ಮಾತನ್ನು ತರಗತಿಯಲ್ಲಿ ಅಗತ್ಯವಾಗಿ ಚರ್ಚಿಸಿ.

ಹಾಗಾದರೆ ಹಿರಿಯರ ಮಾತೇ ನಿಜವೆ?

ಅವಸರ ಬೇಡ. 2007ರಲ್ಲಿ ಆಸ್ಟ್ರೇಲಿಯದ ಸ್ಮಿತ್ ಮತ್ತು ಸಂಗಡಿಗರು 15ರಿಂದ 25 ವರ್ಷದ 43 ಮಂದಿ ಯುವಕರ ಮೇಲೆ 12 ವಾರಗಳ ಪರೀಕ್ಷೆ ನಡೆಸಿದರು. ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸುವ ಆಹಾರ ತಿಂದವರಲ್ಲಿ ಮೊಡವೆಗಳು ಸರಾಸರಿ 23.5ರಷ್ಟು ಇಳಿದವು, ಹೋಲಿಕೆಯ ಗುಂಪಿನಲ್ಲಿ 12ರಷ್ಟು ಇಳಿದವು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಒಂದು, ವಿಶೇಷ ಆಹಾರ ತಿನ್ನದವರಲ್ಲೂ ಮೊಡವೆ ಇಳಿದಿದೆ. ಮೊಡವೆ ತಾನಾಗಿ ಏರಿಳಿಯುವ ಕಾಯಿಲೆ. ಉಲ್ಬಣವಾಗಿದ್ದಾಗ ಪರೀಕ್ಷೆಗೆ ಸೇರಿದವನಿಗೆ ಮುಂದೆ ಏನು ಕೊಟ್ಟರೂ ಒಂದಿಷ್ಟು ತಗ್ಗುವ ಸಂಭವವಿದೆ. ನಿಯಂತ್ರಣ ಗುಂಪಿಲ್ಲದ ಜಾಹೀರಾತುಗಳು ಬದುಕುವುದು ಈ ಇಳಿಕೆಯನ್ನು ತಮ್ಮ ಲೆಕ್ಕಕ್ಕೆ ಬರೆದುಕೊಂಡೇ. ಎರಡು, ವಿಶೇಷ ಆಹಾರದವರ ತೂಕ ಸುಮಾರು 2.9 ಕಿಲೋಗ್ರಾಂ ಇಳಿದಿತ್ತು. ಲಾಭ ಆಹಾರದಿಂದಲೋ ತೂಕ ಇಳಿದದ್ದರಿಂದಲೋ ಎಂಬುದನ್ನು ಈ ಪರೀಕ್ಷೆಯೊಂದರಿಂದಲೇ ಬೇರ್ಪಡಿಸಲಾಗದು.

2016ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ 54 ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ ಚಾಕೊಲೇಟನ್ನೂ ಸಕ್ಕರೆ ಮಿಠಾಯಿಯನ್ನೂ ಬೇರೆ ಬೇರೆ ಸಮಯದಲ್ಲಿ ಕೊಡಲಾಯಿತು. ಚಾಕೊಲೇಟ್ ತಿಂದ ಮೇಲೆ ಮೊಡವೆಗಳು ಸರಾಸರಿ 4.8ರಷ್ಟು ಹೆಚ್ಚಿದವು, ಮಿಠಾಯಿ ತಿಂದ ಮೇಲೆ 0.7ರಷ್ಟು ಇಳಿದವು. ಇದು 1969ರ ಫಲಿತಾಂಶಕ್ಕೆ ವಿರುದ್ಧ. ಆದರೆ ತಾವು ತಿನ್ನುತ್ತಿರುವುದು ಏನೆಂದು ತಿನ್ನುವವರಿಗೆ ಗೊತ್ತಿತ್ತು. ಎಣಿಕೆ ನಡೆದದ್ದು 48 ಗಂಟೆಗಳಲ್ಲಿ. ನಾಲ್ಕು ವಾರ ಸಾಲದು ಎಂದು ಹಳೆಯ ಪ್ರಬಂಧವನ್ನು ಟೀಕಿಸಿದ ನಾವು ಎರಡು ದಿನದ ಎಣಿಕೆಯನ್ನು ಕಣ್ಣುಮುಚ್ಚಿ ಒಪ್ಪುವುದು ನ್ಯಾಯವಲ್ಲ. ನಮಗೆ ಇಷ್ಟವಾದ ಫಲಿತಾಂಶಕ್ಕೂ ಅದೇ ತಕ್ಕಡಿ ಇರಬೇಕು. ಅಮೆರಿಕದ ಚರ್ಮವೈದ್ಯರ ಅಕಾಡೆಮಿ 2024ರ ತನ್ನ ಮಾರ್ಗಸೂಚಿಯಲ್ಲಿ, ಆಹಾರದ ಬಗ್ಗೆ ಶಿಫಾರಸು ಮಾಡಲು ಲಭ್ಯ ಪುರಾವೆ ಸಾಲದು ಎಂದೇ ಹೇಳಿದೆ.

ತರಗತಿಯಲ್ಲಿ

ಅಧ್ಯಾಪಕರು ಒಂದು ಚಟುವಟಿಕೆ ಮಾಡಿಸಬಹುದು. ಕಾಗದದ ಮೇಲೆ ಮುಖದ ಚಿತ್ರ ಬರೆದು, ಅದರ ತುಂಬ ದೊಡ್ಡ, ಸಣ್ಣ, ಮಾಸಲು ಚುಕ್ಕೆಗಳನ್ನು ಇಡಿ. ಹತ್ತು ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಹೇಳದೆ ಎಣಿಸಲಿ. ಮರುದಿನ ಅದೇ ಚಿತ್ರವನ್ನು ಮತ್ತೆ ಎಣಿಸಲಿ. ಒಬ್ಬರಿಂದೊಬ್ಬರಿಗೂ ಒಂದು ದಿನದಿಂದ ಮತ್ತೊಂದು ದಿನಕ್ಕೂ ಎಣಿಕೆ ಎಷ್ಟು ಬದಲಾಗುತ್ತದೆ ಎಂಬುದನ್ನು ಪಟ್ಟಿ ಮಾಡಿ. ಆ ಬದಲಾವಣೆಗಿಂತ ಚಿಕ್ಕದಾದ ಪರಿಣಾಮವನ್ನು ಪತ್ತೆಹಚ್ಚಲು ಎಷ್ಟು ಮಂದಿ ಬೇಕಾದೀತು ಎಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ. ವಿದ್ಯಾರ್ಥಿಗಳ ಮುಖಗಳನ್ನು ಮಾತ್ರ ಇದಕ್ಕೆ ಬಳಸಬೇಡಿ; ಆ ವಯಸ್ಸಿನಲ್ಲಿ ಅದು ಮನಸ್ಸಿಗೆ ತಾಗುವ ವಿಷಯ.

ಮೊಡವೆಗೆ ಬಾಯಿಚಪಲವೇ ಕಾರಣ ಎಂದು ಮಗುವನ್ನು ಗದರಿಸುವ ಮನೆಗಳಲ್ಲಿ ಚಿಕಿತ್ಸೆ ತಡವಾಗಬಹುದು, ತಡವಾದರೆ ಕಲೆ ಉಳಿಯಬಹುದು. ಕೆಂಪಾಗಿ, ನೋವಿನಿಂದ ಕೂಡಿ, ಗಂಟು ಕಟ್ಟುವ ಮೊಡವೆಗೆ ಪಥ್ಯವೊಂದನ್ನೇ ನಂಬಿ ಕೂರದೆ ಚರ್ಮವೈದ್ಯರನ್ನು ಕಾಣುವುದು ಒಳ್ಳೆಯದು. ಚಾಕೊಲೇಟ್ ತಿನ್ನಬಹುದೆ ಎಂದು ವಿದ್ಯಾರ್ಥಿ ನಿಮ್ಮನ್ನು ಕೇಳಿದರೆ, ಇದುವರೆಗಿನ ಪುರಾವೆ ಇಷ್ಟು, ಅದರ ಮಿತಿ ಇಂಥದ್ದು ಎಂದು ಹೇಳಿ. ಉತ್ತರ ಚಿಕ್ಕದಾಗದಿದ್ದರೂ ಸರಿಯಾಗಿರುತ್ತದೆ.