ಹಗ್ಗವಿಲ್ಲದ ಓಟ

1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ ಬಿಡುವು ತುಂಬಲೆಂದು ಹುಟ್ಟಿದ ಅಜಿಲಿಟಿ ಎಂಬ ನಾಯಿಗಳ ಅಡೆತಡೆ ಓಟ, ಇಂದು ಅದೇ ಪ್ರದರ್ಶನ ನಡೆಯುವ ಬರ್ಮಿಂಗ್‌ಹ್ಯಾಮ್‌ನ ಒಳಾಂಗಣದಲ್ಲಿ ಜನ ಕಾದು ನೋಡುವ ಆಟ. ಸರ್ಕಸ್ಸಿನಂತೆ ನಾಯಿಯನ್ನು ಕುಣಿಸುವುದಷ್ಟೇ ಎನ್ನುವವರಿದ್ದಾರೆ. ಆದರೆ ಬಾಯಿಪಾಠ ಇಲ್ಲಿ ನಡೆಯದು. ಓಟದ ದಾರಿ ಪ್ರತಿಸಲ ಹೊಸದು; ಮೊದಲೇ ಅದನ್ನು ನಡೆದು ನೋಡುವವರು ಮನುಷ್ಯರು ಮಾತ್ರ. ನಾಯಿಗೆ ಅದು ತಿಳಿಯುವುದು ಓಡುತ್ತಲೇ, ಜೊತೆಗಾರರ ಭುಜ ತಿರುಗಿದ ಕಡೆಯಿಂದ, ಪಾದ ನೆಟ್ಟ ದಿಕ್ಕಿನಿಂದ. 12 ಕಂಬಗಳ ಸಾಲನ್ನೇ ನೋಡಿ: ಮೊದಲ ಕಂಬ ಎಡಭುಜದ ಪಕ್ಕಕ್ಕೆ ಬರುವಂತೆ ಹೊಕ್ಕು, ಒಂದನ್ನೂ ಬಿಡದೆ ಹಾವಿನಂತೆ ಬಳುಕಿ ಸಾಗಬೇಕು. ಎಂಥ ಸೊಗಸು ಅದು! ಬೆದರಿಸಿ ಮಾಡಿಸಬಹುದಲ್ಲ ಎಂದರೆ, ಕೊರಳಲ್ಲಿ ಹಗ್ಗವಿಲ್ಲ, ಜೊತೆಗಾರರ ಕೈಯಲ್ಲಿ ತಿನಿಸೂ ಇಲ್ಲ. ಮನಸ್ಸಿಲ್ಲದ ನಾಯಿ ಓಟ ಬಿಟ್ಟು ತನ್ನ ಪಾಡಿಗೆ ಹೋಗಬಹುದು. ಏರುಹಲಗೆಯಿಂದ ಇಳಿಯುವಾಗ ಬಣ್ಣದ ಪಟ್ಟಿ ತುಳಿಯಲೇಬೇಕೆಂಬ ನಿಯಮವೂ ನಾಯಿಯ ಮೈ ಕಾಯಲೆಂದೇ ಇರುವುದು; ತಪ್ಪಿದರೆ 5 ಅಂಕ ದಂಡ.