ಯಂತ್ರದ ಲೆಕ್ಕ, ಮನುಷ್ಯನ ಸಹಿ

ಲೆಕ್ಕಪತ್ರವನ್ನು ನಾಟಕದ ವಸ್ತುವನ್ನಾಗಿ ಮಾಡುವುದು ಸುಲಭದ ಕಾರ್ಯವಲ್ಲ. ತಾಳೆಯಾಗದ ಜಮಾ-ಖರ್ಚು ವರ್ತಕನ ನಿದ್ದೆಯನ್ನು ಕೆಡಿಸಬಹುದೇ ಹೊರತು ಪ್ರೇಕ್ಷಕನ ಕುತೂಹಲವನ್ನು ಕೆರಳಿಸಲಾರದೆಂಬುದು ಸಾಮಾನ್ಯ ನಂಬಿಕೆ. 2024ರ ಜನವರಿಯ ಮೊದಲ ವಾರದಲ್ಲಿ ಬ್ರಿಟನ್ನಿನ ಐಟಿವಿ ವಾಹಿನಿಯು ನಾಲ್ಕು ಕಂತುಗಳಲ್ಲಿ ಪ್ರಸಾರ ಮಾಡಿದ 'ಮಿಸ್ಟರ್ ಬೇಟ್ಸ್ ವರ್ಸಸ್ ದ ಪೋಸ್ಟ್ ಆಫೀಸ್' ಎಂಬ ದೂರದರ್ಶನ ನಾಟಕವು ಈ ನಂಬಿಕೆಯನ್ನು ಸುಳ್ಳು ಮಾಡಿತು. ಗ್ವಿನೆತ್ ಹ್ಯೂಸ್ ರಚಿಸಿ, ಜೇಮ್ಸ್ ಸ್ಟ್ರಾಂಗ್ ನಿರ್ದೇಶಿಸಿದ ಈ ಕೃತಿಯು ಒಂದು ಸಣ್ಣ ಪ್ರಶ್ನೆಯ ಸುತ್ತ ನಿಂತಿದೆ: ಯಂತ್ರವು ತೋರಿಸುವ ಶಿಲ್ಕಿಗೂ ಪೆಟ್ಟಿಗೆಯಲ್ಲಿರುವ ಹಣಕ್ಕೂ ವ್ಯತ್ಯಾಸ ಬಂದಾಗ ನಂಬಬೇಕಾದುದು ಯಾರನ್ನು? ಲೆಕ್ಕಕ್ಕೆ ಸಹಿ ಹಾಕುವ ಹೊಣೆಯುಳ್ಳ ಪ್ರತಿಯೊಬ್ಬರಿಗೂ ಈ ಪ್ರಶ್ನೆ ಸಂಬಂಧಿಸಿದ್ದಾಗಿರುವುದರಿಂದ ಕೃತಿಯ ಗುಣವನ್ನೂ ಕೊರತೆಯನ್ನೂ ತೂಗಿ ನೋಡುವುದು ಉಚಿತವಾಗಿದೆ.

ಮೊದಲು ನಡೆದ ಸಂಗತಿ. ಬ್ರಿಟನ್ನಿನ ಹಳ್ಳಿ, ಪಟ್ಟಣಗಳಲ್ಲಿ ಅಂಚೆ ವ್ಯವಹಾರವನ್ನು ಬಹುಮಟ್ಟಿಗೆ ನಡೆಸುವವರು ಸಂಬಳದ ನೌಕರರಲ್ಲ. ಕರಾರಿನ ಮೇಲೆ ಈ ಕೆಲಸವನ್ನು ವಹಿಸಿಕೊಂಡ ಸಣ್ಣ ಅಂಗಡಿಕಾರರು. ದಿನಸಿಯ ಜೊತೆಗೆ ಅಂಚೆಚೀಟಿ ಮಾರುವುದು, ಪಿಂಚಣಿ ಬಟವಾಡೆ ಮಾಡುವುದು ಅವರ ಕಸುಬು. 1999ರಿಂದ ಅವರ ಕಾಗದದ ಲೆಕ್ಕಪುಸ್ತಕಗಳ ಸ್ಥಾನಕ್ಕೆ 'ಹೊರೈಝನ್' ಎಂಬ ಗಣಕ ವ್ಯವಸ್ಥೆ ಬಂದಿತು. ಅದನ್ನು ನಿರ್ಮಿಸಿ ನಡೆಸಿದ್ದು ಫುಜಿತ್ಸು ಸಮೂಹಕ್ಕೆ ಸೇರಿದ ಸಂಸ್ಥೆ. ವ್ಯವಸ್ಥೆ ಬಂದ ಕೆಲವೇ ಕಾಲದಲ್ಲಿ ಕಾರಣ ತಿಳಿಯದ ಕೊರತೆಗಳು ಪರದೆಯ ಮೇಲೆ ಕಾಣಿಸಿಕೊಳ್ಳತೊಡಗಿದವು. ಕೊರತೆಯನ್ನು ಸ್ವಂತ ಹಣದಿಂದ ತುಂಬಬೇಕೆಂದು ಅಂಚೆ ಸಂಸ್ಥೆ ಪಟ್ಟು ಹಿಡಿಯಿತು. ತುಂಬಲಾಗದವರ ಮೇಲೆ ಕಳ್ಳತನದ, ಸುಳ್ಳು ಲೆಕ್ಕದ ಮೊಕದ್ದಮೆಗಳನ್ನು ಹೂಡಿತು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆಂದು ತೀರ್ಮಾನಿಸಲ್ಪಟ್ಟರು. ಇವರಲ್ಲಿ ಹೆಚ್ಚಿನವರ ಮೇಲೆ ಮೊಕದ್ದಮೆ ನಡೆಸಿದ್ದು ಪೊಲೀಸರಲ್ಲ, ಅಂಚೆ ಸಂಸ್ಥೆಯೇ. ದೂರುದಾರ, ತನಿಖಾಧಿಕಾರಿ, ಸಾಲಗಾರನಿಂದ ವಸೂಲಿಗೆ ನಿಂತ ಧಣಿ, ಮೂವರೂ ಒಬ್ಬರೇ ಆದಲ್ಲಿ ನ್ಯಾಯದ ಗತಿ ಏನಾಗುವುದೆಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಾಟಕದ ದೊಡ್ಡ ಗುಣವೆಂದರೆ ಅದು ಈ ಅನ್ಯಾಯವನ್ನು ಭಾಷಣದಿಂದ ಹೇಳುವುದಿಲ್ಲ. ಗಲ್ಲಾಪೆಟ್ಟಿಗೆಯ ಎದುರಿನಲ್ಲಿ ತೋರಿಸುತ್ತದೆ. ಹ್ಯಾಂಪ್‌ಶೈರಿನ ಸೌತ್ ವಾರ್ನ್‌ಬರೋ ಎಂಬ ಹಳ್ಳಿಯಲ್ಲಿ ಅಂಗಡಿ ನಡೆಸುತ್ತಿದ್ದ ಜೋ ಹ್ಯಾಮಿಲ್ಟನ್ ಅವರ ಪ್ರಸಂಗವನ್ನೇ ನೋಡಬಹುದು. ಪರದೆಯು ಸುಮಾರು ಎರಡು ಸಾವಿರ ಪೌಂಡುಗಳ ಕೊರತೆಯನ್ನು ತೋರಿಸುತ್ತದೆ. ಆಕೆ ಸಹಾಯವಾಣಿಗೆ ದೂರವಾಣಿ ಮಾಡಿ, ಅವರು ಹೇಳಿದ ಗುಂಡಿಗಳನ್ನೇ ಒಂದೊಂದಾಗಿ ಒತ್ತುತ್ತಾ ಹೋಗುತ್ತಾರೆ. ನೋಡನೋಡುತ್ತಿದ್ದಂತೆ ಕೊರತೆ ಇಮ್ಮಡಿಯಾಗುತ್ತದೆ. ಮೋನಿಕಾ ಡೋಲನ್ ಈ ದೃಶ್ಯದಲ್ಲಿ ಅಳುವುದಿಲ್ಲ, ಕೂಗುವುದಿಲ್ಲ. ತನ್ನ ಬುದ್ಧಿಯೇ ಕೆಟ್ಟಿತೇನೋ ಎಂಬ ಸಂಶಯ ಆಕೆಯ ಮುಖದಲ್ಲಿ ಸುಳಿಯುತ್ತದೆ, ಅಷ್ಟೆ. ಬ್ಯಾಂಕಿನಲ್ಲಾಗಲಿ, ತೆರಿಗೆ ಕಚೇರಿಯಲ್ಲಾಗಲಿ 'ಕಂಪ್ಯೂಟರಿನಲ್ಲಿ ಹಾಗೇ ಬರುತ್ತಿದೆ' ಎಂಬ ಉತ್ತರವನ್ನು ಕೇಳಿ ಹಿಂದಿರುಗಿದವರೆಲ್ಲರಿಗೂ ಆ ಮುಖ ಪರಿಚಿತವಾದುದು.

ಕೃತಿಯ ನೈತಿಕ ತಿರುಳು ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಲೆಕ್ಕದ ಅವಧಿ ಮುಗಿದಾಗ ಅಂಗಡಿಕಾರನು ಶಿಲ್ಕು ಸರಿಯಿದೆಯೆಂದು ಒಪ್ಪಿದರೆ ಮಾತ್ರ ಮರುದಿನದ ವ್ಯವಹಾರ ಆರಂಭವಾಗುವಂತೆ ವ್ಯವಸ್ಥೆಯನ್ನು ರೂಪಿಸಲಾಗಿತ್ತು. ವಿವಾದದ ಮೊತ್ತವನ್ನು ತಾತ್ಕಾಲಿಕವಾಗಿ ಬೇರೆ ಖಾತೆಯಲ್ಲಿ ಇರಿಸಿಕೊಳ್ಳಲು ಹಿಂದೆ ಇದ್ದ ಅವಕಾಶವನ್ನು 2005ರಲ್ಲಿ ತೆಗೆದುಹಾಕಲಾಯಿತು. 'ಈ ಲೆಕ್ಕವನ್ನು ಒಪ್ಪುವುದಿಲ್ಲ' ಎಂದು ಹೇಳಲು ಪರದೆಯ ಮೇಲೆ ಒಂದು ಗುಂಡಿಯೂ ಇರಲಿಲ್ಲ. ಹೀಗಾಗಿ ಪ್ರಾಮಾಣಿಕನ ಎದುರಿಗೆ ಉಳಿದುದು ಎರಡೇ ದಾರಿ: ಕೈಯಿಂದ ಹಣ ತುಂಬುವುದು, ಇಲ್ಲವೆ ಸುಳ್ಳೆಂದು ತಿಳಿದೂ ಲೆಕ್ಕ ಸರಿಯಿದೆಯೆಂದು ಸಹಿ ಹಾಕುವುದು. ಹ್ಯಾಮಿಲ್ಟನ್ ಮನೆಯನ್ನು ಅಡವಿಟ್ಟು ಹಣ ತುಂಬಿದರು; ಅದೂ ಸಾಲದಾದಾಗ ಸಹಿ ಹಾಕಿದರು. ಕಳ್ಳತನದ ಆರೋಪವನ್ನು ಕೈಬಿಡುವುದಾದರೆ ಸುಳ್ಳು ಲೆಕ್ಕದ ಆರೋಪವನ್ನು ಒಪ್ಪಿಕೊಳ್ಳುವುದಾಗಿ ಕೊನೆಗೆ ನ್ಯಾಯಾಲಯದಲ್ಲಿ ತಲೆಬಾಗಿದರು.

ಇಲ್ಲಿ ಕಠಿಣವಾದ ಒಂದು ಆಕ್ಷೇಪ ಏಳುತ್ತದೆ. ಸುಳ್ಳು ಲೆಕ್ಕಕ್ಕೆ ಸಹಿ ಹಾಕಿದ್ದು ಸುಳ್ಳೇ ಅಲ್ಲವೇ? ಪರಿಸ್ಥಿತಿಯ ಒತ್ತಡದಿಂದ ಸತ್ಯದ ಸ್ವರೂಪ ಬದಲಾಗುವುದೇ? ನಾಟಕವು ಈ ಪ್ರಶ್ನೆಯನ್ನು ಕನಿಕರದಲ್ಲಿ ಮುಳುಗಿಸಿಬಿಡಬಹುದಾಗಿತ್ತು. ಹಾಗೆ ಮಾಡದೆ ಹ್ಯಾಮಿಲ್ಟನ್ ಅವರ ಎದುರಿನಲ್ಲಿ ಅಲನ್ ಬೇಟ್ಸ್ ಅವರನ್ನು ನಿಲ್ಲಿಸಿರುವುದು ರಚನೆಯ ಜಾಣ್ಮೆ. ವೇಲ್ಸಿನ ಲ್ಯಾಂಡಡ್ನೋ ಪಟ್ಟಣದ ಬೇಟ್ಸ್ ಕಾರಣ ತೋರಿಸದ ಕೊರತೆಯನ್ನು ತುಂಬಲು ಒಪ್ಪಲಿಲ್ಲ. ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಂಡರು, ಪತ್ರದ ಮೇಲೆ ಪತ್ರ ಬರೆದರು. 2003ರಲ್ಲಿ ಕರಾರು ರದ್ದಾಗಿ ಹೂಡಿದ ಹಣವೂ ಹೋಯಿತು. ಸಹಿ ಹಾಕಿದವರೂ ಕೆಟ್ಟರು, ಹಾಕದವರೂ ಕೆಟ್ಟರು. ಒಂದು ಕೃತ್ಯದ ಭಾರವು ಮಾಡಿದವರ ಮೇಲೆ ಮಾತ್ರವಲ್ಲದೆ ಮಾಡಿಸಿದವರ ಮೇಲೂ, ತಿಳಿದೂ ಒಪ್ಪಿ ಸುಮ್ಮನಿದ್ದವರ ಮೇಲೂ ಬೀಳುತ್ತದೆ. ಈ ಮೂರು ಪಾಲುಗಳನ್ನು ಬಿಡಿಸಿ ನೋಡಿದರೆ ಹ್ಯಾಮಿಲ್ಟನ್ ಅವರ ಪಾಲು ಅತ್ಯಲ್ಪವಾದುದೆಂದು ತಿಳಿಯುತ್ತದೆ. ಸುಳ್ಳನ್ನು ಹೊರತು ಬೇರೆ ಮಾತಿಗೆ ಎಡೆಯೇ ಇಲ್ಲದ ವ್ಯವಸ್ಥೆಯನ್ನು ಕಟ್ಟಿದವರೇ ಸುಳ್ಳಿನ ಮೊದಲ ಕರ್ತೃಗಳು.

ಸುಮ್ಮನಿದ್ದವರ ಪಾಲಿನ ಬಗ್ಗೆಯೂ ನಾಟಕ ಮಾತನಾಡುತ್ತದೆ. 'ಇಂತಹ ತೊಂದರೆ ಇರುವುದು ನಿಮಗೊಬ್ಬರಿಗೇ' ಎಂಬ ಉತ್ತರ ಸಹಾಯವಾಣಿಯಿಂದ ಮತ್ತೆ ಮತ್ತೆ ಬರುತ್ತದೆ. ನೂರಾರು ಜನರಿಗೆ ಬೇರೆ ಬೇರೆಯಾಗಿ ಹೇಳಿದ ಈ ಒಂದೇ ವಾಕ್ಯ ಅವರೆಲ್ಲರನ್ನೂ ಒಂಟಿಯಾಗಿಸಿತು. 2009ರಲ್ಲಿ 'ಕಂಪ್ಯೂಟರ್ ವೀಕ್ಲಿ' ಪತ್ರಿಕೆಯು ಏಳು ಜನರ ಕಥೆಗಳನ್ನು ಒಟ್ಟಿಗೆ ಪ್ರಕಟಿಸಿತು. ಅದೇ ವರ್ಷ ಫೆನ್ನಿ ಕಾಂಪ್ಟನ್ ಎಂಬ ಹಳ್ಳಿಯ ಸಭಾಗೃಹದಲ್ಲಿ ನೊಂದವರು ಮೊದಲ ಬಾರಿಗೆ ಸೇರಿದರು. ಅಪರಿಚಿತರು ಒಬ್ಬರ ಮುಖವನ್ನೊಬ್ಬರು ನೋಡಿ, ಆ ಉತ್ತರ ಸುಳ್ಳೆಂದು ಅರಿಯುವ ಆ ಸಭೆಯ ದೃಶ್ಯ ಇಡೀ ನಾಟಕದಲ್ಲಿ ಅತ್ಯುತ್ತಮವಾದುದು. ಟೋಬಿ ಜೋನ್ಸ್ ಅವರ ಬೇಟ್ಸ್ ಅಲ್ಲಿ ನಾಯಕನಂತೆ ಮೆರೆಯುವುದಿಲ್ಲ. ಕುರ್ಚಿಗಳನ್ನು ಹಾಕಿ ಕಾಯುವ ಸಾಮಾನ್ಯ ಮನುಷ್ಯನಂತಿರುತ್ತಾನೆ.

ಇನ್ನು ಕೊರತೆಗಳು. ಪ್ರೇಕ್ಷಕನ ಕೋಪಕ್ಕೆ ಒಂದು ಮುಖ ಬೇಕೆಂದು ನಾಟಕವು ಸಂಸ್ಥೆಯ ಮುಖ್ಯಾಧಿಕಾರಿಯಾಗಿದ್ದ ಪೌಲಾ ವೆನ್ನೆಲ್ಸ್ ಮುಂತಾದ ಕೆಲವು ಅಧಿಕಾರಿಗಳನ್ನು ಮುಂದೆ ನಿಲ್ಲಿಸುತ್ತದೆ. ಅವರ ಹೊಣೆ ದೊಡ್ಡದೇ. ಆದರೆ ಈ ಅನ್ಯಾಯಕ್ಕೆ ಬಾಗಿಲು ತೆರೆದ ಒಂದು ನಿಯಮಕ್ಕೆ ಸಲ್ಲಬೇಕಾದಷ್ಟು ಸ್ಥಳ ಸಿಕ್ಕಿಲ್ಲ. ಇಂಗ್ಲೆಂಡಿನಲ್ಲಿ 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯಿದೆಯ 69ನೇ ಕಲಮಿನ ಪ್ರಕಾರ ಗಣಕದ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವವರು ಯಂತ್ರವು ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕಾಗಿತ್ತು. ಈ ಕಲಮು ತೊಡಕಿನದೆಂದು 1999ರ ಶಾಸನವೊಂದರ ಮೂಲಕ ಅದನ್ನು ರದ್ದುಪಡಿಸಲಾಯಿತು. ಅಂದಿನಿಂದ, ವಿರುದ್ಧವಾದ ಆಧಾರ ದೊರೆಯದ ಹೊರತು ಯಂತ್ರವು ಸರಿಯೆಂದೇ ಭಾವಿಸಲಾಗುವುದು. ಯಂತ್ರದ ಒಳಗನ್ನು ನೋಡುವ ಅಧಿಕಾರವೇ ಇಲ್ಲದ ಅಂಗಡಿಕಾರನು ವಿರುದ್ಧ ಆಧಾರವನ್ನು ತರುವುದು ಎಲ್ಲಿಂದ? ಮನುಷ್ಯನು ಅಪರಾಧಿಯೆಂದು ಸಿದ್ಧವಾಗುವವರೆಗೆ ನಿರಪರಾಧಿಯೆಂಬ ತತ್ತ್ವ ಪುಸ್ತಕದಲ್ಲಿ ಉಳಿಯಿತು. ಆ ರಕ್ಷಣೆ ಯಂತ್ರಕ್ಕೆ ವರ್ಗಾವಣೆಯಾಯಿತು. ಭಾರತೀಯ ಮೂಲದ ಸೀಮಾ ಮಿಶ್ರಾ ಅವರು 2010ರಲ್ಲಿ ಗರ್ಭಿಣಿಯಾಗಿದ್ದಾಗಲೇ 15 ತಿಂಗಳ ಸೆರೆವಾಸಕ್ಕೆ ಗುರಿಯಾದುದು ಈ ಬಗೆಯ ವಿಶ್ವಾಸದ ಫಲ. ಖಳರನ್ನು ತೋರಿಸುವ ನಾಟಕವು ಈ ನಿಯಮವನ್ನೂ ಒಂದು ಪಾತ್ರವಾಗಿ ತೋರಿಸಿದ್ದರೆ ಅದರ ತೂಕ ಹೆಚ್ಚುತ್ತಿತ್ತು. ವ್ಯಕ್ತಿಗಳು ಬದಲಾಗುತ್ತಾರೆ, ನಿಯಮ ಉಳಿಯುತ್ತದೆ.

ಭಾರತದ ಓದುಗನು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. 2000ದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮಕ್ಕೆ ಸೇರಿಸಲಾದ 65-ಬಿ ಕಲಮು, ಗಣಕದ ದಾಖಲೆಯ ಜೊತೆಗೆ ಹೊಣೆಗಾರನೊಬ್ಬನ ಪ್ರಮಾಣಪತ್ರ ಇರಬೇಕೆಂದು ವಿಧಿಸಿತು. ಆ ಕಾಲದಲ್ಲಿ ಗಣಕ ಸರಿಯಾಗಿ ಕೆಲಸ ಮಾಡುತ್ತಿತ್ತೆಂಬುದು ಅದರ ಷರತ್ತುಗಳಲ್ಲೊಂದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿಯೂ ಇದು ಉಳಿದಿದೆ; ತಜ್ಞನ ಸಹಿಯೂ ಬೇಕೆಂದಿದೆ. ಇಂಗ್ಲೆಂಡ್ ಬಿಟ್ಟುಕೊಟ್ಟ ಎಚ್ಚರವನ್ನು ಈ ದೇಶದ ಕಾನೂನು ಉಳಿಸಿಕೊಂಡಿರುವುದು ಸಮಾಧಾನದ ಸಂಗತಿ. ಆದರೆ ಪರೀಕ್ಷಿಸದೆ ಮುದ್ರಿತ ನಮೂನೆಗೆ ಹಾಕಿದ ಸಹಿಯಿಂದ ಆ ಎಚ್ಚರವೂ ಕೇವಲ ಕಾಗದವಾಗುತ್ತದೆ.

ಬೇಟ್ಸ್ ಮುಂತಾದ 555 ಜನರು ಹೂಡಿದ ದಾವೆಯಲ್ಲಿ, ಹೊರೈಝನ್ನಿನ ದೋಷಗಳಿಂದ ಶಾಖೆಗಳ ಲೆಕ್ಕದಲ್ಲಿ ಕೊರತೆಗಳುಂಟಾಗುವುದು ಸಾಧ್ಯವೆಂದೂ, ದೂರದಲ್ಲಿ ಕುಳಿತ ಫುಜಿತ್ಸುವಿನವರು ಅಂಗಡಿಕಾರನಿಗೆ ತಿಳಿಯದಂತೆ ಅವನ ಲೆಕ್ಕವನ್ನು ಬದಲಾಯಿಸಬಹುದಾಗಿತ್ತೆಂದೂ 2019ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. ಪರಿಹಾರವಾಗಿ ಒಪ್ಪಿದ 5 ಕೋಟಿ 77 ಲಕ್ಷ 50 ಸಾವಿರ ಪೌಂಡುಗಳಲ್ಲಿ ಬಹುಪಾಲು ದಾವೆಯ ಖರ್ಚಿಗೇ ಹೋಯಿತು. 2021ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯವು ಹ್ಯಾಮಿಲ್ಟನ್, ಮಿಶ್ರಾ ಸಹಿತ 39 ಮಂದಿಯ ಶಿಕ್ಷೆಯನ್ನು ರದ್ದುಗೊಳಿಸಿತು. ಉಳಿದ ನೂರಾರು ಜನ ಕಾಯುತ್ತಲೇ ಇದ್ದರು. ನಾಟಕ ಪ್ರಸಾರವಾದ ಕೆಲವೇ ದಿನಗಳಲ್ಲಿ ಸರ್ಕಾರ ಎಚ್ಚೆತ್ತಿತು. 2024ರ ಮೇ ತಿಂಗಳಿನಲ್ಲಿ ವಿಶೇಷ ಶಾಸನದ ಮೂಲಕ ಅಂತಹ ಶಿಕ್ಷೆಗಳನ್ನು ಒಟ್ಟಿಗೆ ಅಳಿಸಲಾಯಿತು. ಕಲೆಗೆ ಇದು ಹೆಮ್ಮೆಯ ವಿಷಯ, ನ್ಯಾಯವ್ಯವಸ್ಥೆಗೆ ಅಲ್ಲ. ತೀರ್ಪು ಮಾಡಲಾಗದ ಕೆಲಸವನ್ನು ನಾಟಕ ಮಾಡಬೇಕಾಯಿತೆಂದರೆ, ನಾಟಕಕಾರರ ಕಣ್ಣಿಗೆ ಬೀಳದ ನೊಂದವರ ಪಾಡೇನು? ಸರ್ ವಿನ್ ವಿಲಿಯಮ್ಸ್ ಅವರ ವಿಚಾರಣಾ ಆಯೋಗವು 2025ರ ಜುಲೈನಲ್ಲಿ ಪ್ರಕಟಿಸಿದ ವರದಿಯ ಮೊದಲ ಸಂಪುಟದ ಪ್ರಕಾರ ಕನಿಷ್ಠ 13 ಮಂದಿಯ ಆತ್ಮಹತ್ಯೆಗೆ ಈ ಪ್ರಕರಣದೊಡನೆ ಸಂಬಂಧವಿದ್ದಿರಬಹುದು. ಆ ಖಾತೆಗೆ ಜಮೆ ಮಾಡಬಲ್ಲ ಮೊತ್ತ ಯಾವ ಸರ್ಕಾರದ ಬಳಿಯೂ ಇಲ್ಲ.

ಆದುದರಿಂದ ಈ ಕೃತಿಯನ್ನು ಯಂತ್ರದ್ವೇಷದ ಕೃತಿಯೆಂದು ಓದುವುದು ತಪ್ಪಾದೀತು. ಯಂತ್ರವು ಕಿರ್ದಿ ಬರೆಯಲಿ, ಕೂಡಲಿ, ಕಳೆಯಲಿ, ಅದರಲ್ಲಿ ದೋಷವಿಲ್ಲ. ಹಳೆಯ ಗುಮಾಸ್ತನೂ ತಪ್ಪು ಮಾಡುತ್ತಿದ್ದನು. ಆದರೆ ಅವನ ತಪ್ಪನ್ನು ಪುಟ ತಿರುಗಿಸಿ ಹುಡುಕಬಹುದಾಗಿತ್ತು, ಹುಡುಕಿದವನನ್ನು ಕಳ್ಳನೆನ್ನುತ್ತಿರಲಿಲ್ಲ. ಸಂಘ-ಸಂಸ್ಥೆಗಳ, ದೇವಾಲಯಗಳ ಧರ್ಮದರ್ಶಿಗಳು ಗಣಕದ ಅಡಾವೆಗೆ ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಎರಡು: ಈ ಅಂಕಿ ಬಂದ ದಾರಿಯನ್ನು ಹಿಂದಕ್ಕೆ ನಡೆದು ನೋಡಬಹುದೇ? 'ಇದು ಸರಿಯಿಲ್ಲ' ಎಂದು ಬರೆಯಲು ಬಡ ಗುಮಾಸ್ತನಿಗೆ ಒಂದು ಸಾಲಿನ ಜಾಗವಿದೆಯೇ? ಎರಡಕ್ಕೂ ಹೌದೆಂಬ ಉತ್ತರ ಬರುವವರೆಗೆ ಸಹಿಯನ್ನು ತಡೆದಿಟ್ಟರೆ ನಷ್ಟವೇನೂ ಇಲ್ಲ.