ಅಜ್ಜಿಯ ಬೆಳ್ಳಿಗೆ ಎಷ್ಟು ತಾಮ್ರ?

ಬೆಂಗಳೂರಿನ ಜೆ.ಪಿ. ನಗರದ ಮನೆಗಳಲ್ಲಿ ಮದುವೆ ಗೊತ್ತಾದ ಮೇಲೆ ಬೀರುವಿನಿಂದ ಹೊರಬರುವುದು ಚಿನ್ನವೊಂದೇ ಅಲ್ಲ. ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಬೆಳ್ಳಿಯೂ ಬರುತ್ತದೆ: ನೆಗ್ಗಿದ ಪಂಚಪಾತ್ರೆ, ಮುಚ್ಚಳ ಕಳೆದುಕೊಂಡ ಕುಂಕುಮ ಭರಣಿ, ಮಗುವಿನ ಉಡಿದಾರ, ಕೊಂಡಿ ಹರಿದ ಕಾಲುಗೆಜ್ಜೆ, ರಾಜರ ತಲೆಯಿರುವ ನಾಲ್ಕಾರು ರೂಪಾಯಿ. ಇವನ್ನು ಅಂಗಡಿಗೆ ಹಾಕಿ ಹೊಸ ದೀಪವನ್ನೋ ತಟ್ಟೆಯನ್ನೋ ತರುವುದು ವಾಡಿಕೆ. ಕೆಲವು ಜೋಡಿಗಳಿಗೆ ಈಗ ಅದು ಬೇಡ. ಅಜ್ಜಿಯ ಬೆಳ್ಳಿಯಲ್ಲೇ ಹುಡುಗಿಗೆ ಕಾಲುಂಗುರ, ಇಬ್ಬರಿಗೂ ಕೈಬೆರಳಿಗೊಂದು ಉಂಗುರ ಬೇಕು. ಅದೂ ಅಕ್ಕಸಾಲಿಗರು ಕೈಯಲ್ಲೇ ತಟ್ಟಿ ಮಾಡಿದ್ದಾಗಿರಬೇಕು.

ಆಸೆ ಒಳ್ಳೆಯದೇ. ಆದರೆ ಮನೆಯ ಬೆಳ್ಳಿಯನ್ನೆಲ್ಲ ಒಂದೇ ಮೂಸೆಗೆ ಸುರಿದು ಕರಗಿಸುವ ರೀತಿಯನ್ನು ಮೆಚ್ಚುವಂತಿಲ್ಲ.

ರೂಪಾಯಿಯನ್ನೇ ನೋಡಿ. 1835ರಿಂದ 1939ರವರೆಗಿನ ಬ್ರಿಟಿಷ್ ಇಂಡಿಯಾದ ರೂಪಾಯಿ ತೂಕದಲ್ಲಿ ಒಂದು ತೊಲ, ಅಂದರೆ 11.66 ಗ್ರಾಂ. ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಬೆಳ್ಳಿ, ಶೇ. 91.7. ಇಂದು ಉಂಗುರಗಳಿಗೆ ಎಲ್ಲೆಡೆ ಬಳಸುವ 925ಕ್ಕೆ (ಸಾವಿರದಲ್ಲಿ 925 ಪಾಲು ಬೆಳ್ಳಿ) ಇದು ಕೂದಲೆಳೆಯಷ್ಟು ಕಡಿಮೆ. ವಿಕ್ಟೋರಿಯಾ ರಾಣಿಯ ಒಂದು ರೂಪಾಯಿಗೆ ಸುಮಾರು 1.3 ಗ್ರಾಂ ಶುದ್ಧ ಬೆಳ್ಳಿ ಸೇರಿಸಿದರೆ 925 ಸಿದ್ಧ. ಎರಡು ಸಣ್ಣ ಉಂಗುರಗಳಿಗೆ ಅಷ್ಟು ಸಾಕು. ಯುದ್ಧಕಾಲದಲ್ಲಿ ಬೆಳ್ಳಿಗೆ ಬರ ಬಂತು. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕರ್ಧ ಮಾತ್ರ, ಮಿಕ್ಕದ್ದು ತಾಮ್ರ, ನಿಕಲ್, ಸತು. ಇಂಥ ಒಂದು ನಾಣ್ಯವನ್ನು 925ಕ್ಕೆ ಏರಿಸಲು ಹತ್ತಿರ ಹತ್ತಿರ 66 ಗ್ರಾಂ ಶುದ್ಧ ಬೆಳ್ಳಿ ಬೇಕು. ಅಷ್ಟು ಸುರಿದ ಮೇಲೆ ಅದರಲ್ಲಿ ಅಜ್ಜಿಯ ಪಾಲು ಎಲ್ಲಿ ಉಳಿಯಿತು? 1947ರದ್ದಂತೂ ಬರೀ ನಿಕಲ್. ಈ ಮೂರೂ ಬಗೆಯಲ್ಲೂ ಆರನೇ ಜಾರ್ಜನ ತಲೆ ಸಿಗುತ್ತದೆ; ಆದ್ದರಿಂದ ರಾಜನ ಮುಖ ನೋಡಿ ಪ್ರಯೋಜನವಿಲ್ಲ, ಇಸವಿ ನೋಡಬೇಕು. (1939ರ ರೂಪಾಯಿ ಸಿಕ್ಕಿದರೆ ಕುಲುಮೆಯ ಹತ್ತಿರವೂ ಒಯ್ಯಬಾರದು. ಅದು ಅಪರೂಪದ್ದು, ನಾಣ್ಯ ಸಂಗ್ರಾಹಕರು ಬೆಳ್ಳಿಯ ಬೆಲೆಯ ಎಷ್ಟೋ ಪಟ್ಟು ಕೊಡುತ್ತಾರೆ.)

ಗೆಜ್ಜೆಯ ಕಥೆ ಬೇರೆ. ಅದರಲ್ಲಿ ಕೊಂಡಿಗೊಂದು ಬೆಸುಗೆ, ಬೆಸುಗೆಯಲ್ಲಿ ತಾಮ್ರ, ಸತು. ಹಳೆಯದಾದರೆ ಕ್ಯಾಡ್ಮಿಯಂ ಕೂಡ ಇರಬಹುದು. ಚಿನ್ನದ ಅಂಗಡಿಯ ‘ಕೆಡಿಎಂ’ ನೆನಪಿರುವವರಿಗೆ ಈ ಲೋಹ ಗೊತ್ತು. ಕರಗಿಸುವಾಗ ಏಳುವ ಅದರ ಹೊಗೆ ಕೆಲಸಗಾರನ ಶ್ವಾಸಕೋಶಕ್ಕೆ ವಿಷ. ತವರದ ಬೆಸುಗೆ ಹಾಕಿ ರಿಪೇರಿ ಮಾಡಿದ ಪಾತ್ರೆ ಜೊತೆಗೆ ಸೇರಿದರೆ ಗಟ್ಟಿ ತಟ್ಟುವಾಗಲೇ ಬಿರುಕು ಬಿಡುತ್ತದೆ. ಇನ್ನು ಉಡುಗೊರೆಯಾಗಿ ಬಂದ ಜರ್ಮನ್ ಸಿಲ್ವರ್ ಬಟ್ಟಲು? ಅದರಲ್ಲಿ ಬೆಳ್ಳಿಯ ಸುಳಿವೇ ಇಲ್ಲ, ತಾಮ್ರ, ನಿಕಲ್, ಸತು ಅಷ್ಟೇ. ನಿಕಲ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಹಗಲೂ ರಾತ್ರಿ ಬೆರಳಲ್ಲೇ ಇರುವ ಒಡವೆಗೆ ಅದು ತಕ್ಕದ್ದಲ್ಲ.

ಹಾಗಾದರೆ ಮಿಶ್ರಣವೇ ಬೇಡ, ಶುದ್ಧ ಬೆಳ್ಳಿಯಲ್ಲೇ ಮಾಡಿಸಿದರಾಯಿತಲ್ಲ ಎನ್ನುವವರಿದ್ದಾರೆ. ಆಗುವುದಿಲ್ಲ. ಬಾಯಿ ತೆರೆದ ಕಾಲುಂಗುರವನ್ನು ಅಗಲಿಸಿ ತೊಡಿಸಿ ಒತ್ತಬೇಕು. ಆಮೇಲೆ ಅದು ಚಪ್ಪಲಿಗೆ, ನೆಲಕ್ಕೆ, ಬಚ್ಚಲ ಕಲ್ಲಿಗೆ ತಾಗುತ್ತಲೇ ಇರುತ್ತದೆ. ಶುದ್ಧ ಬೆಳ್ಳಿಗೆ ಆ ಬಿಗಿ ಇಲ್ಲ, ಕೆಲವೇ ತಿಂಗಳಲ್ಲಿ ಉಂಗುರ ಸೊಟ್ಟಗಾಗುತ್ತದೆ. ನೂರಕ್ಕೆ ಏಳೂವರೆ ಪಾಲು ತಾಮ್ರ ಸೇರಿಸಿದರೆ ಅದೇ ಬೆಳ್ಳಿ ಗಟ್ಟಿಯಾಗುತ್ತದೆ. ಅಷ್ಟೇ ಅಲ್ಲ, ಈ ಮಿಶ್ರಣವನ್ನು ಕೆಂಪಗೆ ಕಾಯಿಸಿ ನೀರಿಗದ್ದಿ, ಬಳಿಕ 300 ಡಿಗ್ರಿ ಆಸುಪಾಸಿನ ಶಾಖದಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಇನ್ನಷ್ಟು ಬಿಗಿಯಾಗುತ್ತದೆ. ತಾಮ್ರವಿಲ್ಲದ ಬೆಳ್ಳಿಯಲ್ಲಿ ಈ ಗುಣವಿಲ್ಲ. ಈ ಕೊನೆಯ ಹಂತವನ್ನು ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ. ಕೈಕೆಲಸವೆಂದು ಹೆಚ್ಚು ಕೂಲಿ ಪಡೆದ ಮೇಲೂ ಬಿಡುವುದು ಸರಿಯಲ್ಲ.

ತಾಮ್ರದ ದೋಷವೂ ಇದೆ. ಬಿಳಿಗಾರ ಸರಿಯಾಗಿ ಬಳಿಯದೆ ಬೆಂಕಿ ಕೊಟ್ಟರೆ ಬೂದು ಕಲೆ ಬೀಳುತ್ತದೆ. ಗಾಳಿಯ ಗಂಧಕದ ಅಂಶಕ್ಕೆ ಉಂಗುರ ಬೇಗ ಕಪ್ಪಾಗುತ್ತದೆ. ಇದಕ್ಕೆ ಮದ್ದಾಗಿ ಇಂಗ್ಲೆಂಡಿನ ಪೀಟರ್ ಜಾನ್ಸ್ 1990ರ ದಶಕದಲ್ಲಿ ತಾಮ್ರದ ಸ್ವಲ್ಪ ಪಾಲಿಗೆ ಬದಲು ಜರ್ಮೇನಿಯಂ ಹಾಕಿ ‘ಆರ್ಜೆಂಟಿಯಂ’ ರೂಪಿಸಿದರು. ಬೆಳ್ಳಗೆ ಉಳಿಯುವುದರಲ್ಲಿ ಅದು ನಿಜಕ್ಕೂ ಮೇಲು. ಆದರೆ ಮನೆಯ ಬೆಳ್ಳಿಯನ್ನು ಮೊದಲು ಶುದ್ಧಿ ಮಾಡದೆ ಅದಕ್ಕೆ ಬಳಸುವಂತಿಲ್ಲ, ಕೆಂಪಗೆ ಕಾದಾಗ ಮುಟ್ಟಿದರೆ ಆರ್ಜೆಂಟಿಯಂ ಮುರಿಯುತ್ತದೆ. ರೋಡಿಯಂ ಲೇಪ ಇನ್ನೊಂದು ಆಮಿಷ: ಹೊಸದರಲ್ಲಿ ಕನ್ನಡಿಯಂಥ ಹೊಳಪು, ಆಮೇಲೆ ಒಳಮೈ ಸವೆದು ಎರಡು ಬಣ್ಣ. ಮನೆಯ ಹಳೆ ಬೆಳ್ಳಿಗೆ ತಾಮ್ರವೇ ಸಾಕು. ಕಪ್ಪಾದರೆ ವಿಭೂತಿಯಿಂದ ಉಜ್ಜಿದರಾಯಿತು.

ಶುದ್ಧಿಗೆಂದು ಬೆಳ್ಳಿ ನಗರ್ತಪೇಟೆಯಂಥ ಕಡೆ ಹೋದರೆ ನೈಟ್ರಿಕ್ ಆಮ್ಲದಲ್ಲಿ ಕರಗಿ ಮತ್ತೆ ಪುಡಿಯಾಗಿ ಬರುತ್ತದೆ. ಹತ್ತು ಮನೆಯದು ಒಟ್ಟಿಗೆ ಕರಗಿದರೆ ಹಿಂದಿರುಗುವುದು ತೂಕ ಮಾತ್ರ. ಬೆಳ್ಳಿಯ ಪಾಲು ಅಳೆಯುವ ಅಂಗಡಿಯ ಎಕ್ಸ್‌ಆರ್‌ಎಫ್ ಯಂತ್ರವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅದು ನೋಡುವುದು ಮೇಲ್ಪದರವನ್ನು. ಮತ್ತೆ ಮತ್ತೆ ಕಾಯಿಸಿ ಆಮ್ಲದಲ್ಲಿ ಬಿಳುಪು ಮಾಡಿದ ಹಳೆ ಸಾಮಾನಿನ ಮೈಯಲ್ಲಿ ತಾಮ್ರ ಹೊರಟುಹೋಗಿ, ಇರುವುದಕ್ಕಿಂತ ಹೆಚ್ಚು ಬೆಳ್ಳಿ ತೋರುತ್ತದೆ. ಬೆಳ್ಳಿಗೆ ಬಿಐಎಸ್ ಹಾಲ್‌ಮಾರ್ಕ್ ಇದ್ದರೂ ಚಿನ್ನದಂತೆ ಅದು ಕಡ್ಡಾಯವಾಗಿಲ್ಲ. ಹೀಗಾಗಿ ಕೇಳಿ ತಿಳಿಯುವ ಹೊಣೆ ಮಾಡಿಸುವವರ ಮೇಲೇ ಬೀಳುತ್ತದೆ.

ಆದ್ದರಿಂದ ಬೆಳ್ಳಿ ಕೊಡುವ ಮುಂಚೆ ನಾಣ್ಯ, ಪಾತ್ರೆ, ಗೆಜ್ಜೆಗಳನ್ನು ಬೇರೆ ಬೇರೆ ಗಂಟು ಕಟ್ಟಿ. ಎದುರಿಗೇ ಕರಗಿಸಲು ಹೇಳಿ. ಗಟ್ಟಿಯನ್ನು ಕತ್ತರಿಸಿ ಒಳಭಾಗವನ್ನು ಪರೀಕ್ಷೆ ಮಾಡಿಸಿ, ಎಷ್ಟು ತಾಮ್ರ ಸೇರಿಸಿದ್ದೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಇದಕ್ಕೆ ಒಪ್ಪದ ಕಡೆ ಬೆಳ್ಳಿ ಕೊಡಬೇಡಿ.